ಬಾಗಿಲ ಪಕ್ಕದ ಕರಿಹಲಗೆ

ಹರಿದ ಹಾಳೆಯಿಂದಲೇ ಶುರು ಮಾಡುತ್ತೇನೆ.

ನಾಗಮಂಗಲದ ಶಾಖಾ ಗ್ರಂಥಾಲಯದಲ್ಲಿ ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಾರೋ ಪುಣ್ಯಾತ್ಮ ವಾರಪತ್ರಿಕೆಗಳ ಪುಟ ಹರಿದುಕೊಂಡು ಹೋಗುತ್ತಿದ್ದ. ಸಿನಿಮಾ ನಟಿಯ ಬಣ್ಣದ ಚಿತ್ರವಿರುವ ಪುಟವಾಗಿದ್ದರೆ ನನಗೂ ಅರ್ಥವಾಗುತ್ತಿತ್ತು. ಈತ ಹರಿಯುತ್ತಿದ್ದದ್ದು ಸಂಪಾದಕರ ಹೆಸರು, ಕಚೇರಿಯ ವಿಳಾಸ ಇರುವ ಪುಟವನ್ನು. ಪಿತ್ತ ನೆತ್ತಿಗೇರಿತು. ಒಂದು ದಿನ ಕಪಾಟಿನ ಹಿಂದೆ ನಿಂತು ಕಾದು, ಹಾಳೆಯ ಸಮೇತ ಹಿಡಿದೆ. ಬೆಳ್ಳೂರು ಕ್ರಾಸಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವನು. ರಜೆಯ ದಿನ ಬಸ್ಸು ಹತ್ತಿ ನಾಗಮಂಗಲಕ್ಕೆ ಬರುತ್ತಿದ್ದ.

"ಯಾಕಯ್ಯಾ ಹರೀತೀಯ? ನಿಮ್ಮಪ್ಪನ ಮನೆ ಪೇಪರ್ರಾ ಇದು?" ಎಂದೆ.

"ತಪ್ಪಾಯ್ತು ಮೇಡಮ್ಮೋರೆ. ಕತೆ ಬರ್ದಿವ್ನಿ. ಎಲ್ಲಿಗೆ ಕಳಿಸ್ಬೇಕು ಅಂತ ಗೊತ್ತಿಲ್ಲ. ಅಡ್ರೆಸ್ಸು ಬೇಕಿತ್ತು."

"ಒಂದು ಚೀಟೀಲಿ ಬರ್ಕೊಂಡ್ರೆ ಆಗ್ತಿರಲಿಲ್ವಾ?"

ಅವನು ಓದುವ ಮೇಜಿನ ಕಡೆ ಕಳ್ಳನೋಟ ಬೀರಿ ಮೆಲ್ಲಗೆ ಹೇಳಿದ: "ಬರ್ಕೊಳಾದ ನೋಡ್ಬುಟ್ರೆ ಎಲ್ರೂ ನಗ್ತಾರೆ ಮೇಡಮ್ಮೋರೆ. ಲೋಟ ಎತ್ತೋನು ಕವಿಯಾಗಕ್ಕೆ ಒಂಟವ್ನೆ ಅಂತಾರೆ."

ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಮಾರನೇ ದಿನ ಪಕ್ಕದ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಕರಿಹಲಗೆಯೊಂದನ್ನು ಕೇಳಿ ತಂದೆ. ಬಾಗಿಲ ಪಕ್ಕ, ಚಪ್ಪಲಿ ಬಿಡುವ ಜಾಗದ ಮೇಲೆ ನೇತುಹಾಕಿದೆ. ಮೇಲ್ಗಡೆ ‘ಎಲ್ಲಿಗೆ ಕಳಿಸಬೇಕು?’ ಎಂದು ದೊಡ್ಡದಾಗಿ ಬರೆದೆ. ಕೆಳಗೆ ಯಾವ ಪತ್ರಿಕೆಗೆ ಕತೆ ಬೇಕು, ಯಾವುದಕ್ಕೆ ಕವನ, ಯಾವುದಕ್ಕೆ ಮಕ್ಕಳ ಪದ್ಯ, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಡೇ ದಿನ ಯಾವುದು, ಇಷ್ಟನ್ನೂ ವಿಳಾಸ ಸಮೇತ ಬರೆದೆ. ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಯಾರು ಬೇಕಾದರೂ ನಿಂತು ಓದಿಕೊಳ್ಳಬಹುದು, ಯಾರೂ ನಗುವಂತಿಲ್ಲ. ಅಲ್ಲಿಂದಾಚೆಗೆ ಪುಟ ಹರಿಯುವುದು ನಿಂತಿತು.

ಈಗ ಪಂಚಾಯ್ತಿ ಗ್ರಂಥಾಲಯಗಳಿಗೆ ಹೊಸದಾಗಿ ಸೇರಿರುವ ಹುಡುಗಿಯರು ನನಗೆ ಫೋನ್ ಮಾಡಿ, "ಗಿರಿಜಾ ಮೇಡಂ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಮಾಡಬೇಕು?" ಎಂದು ಕೇಳುತ್ತಾರೆ. ಪುಸ್ತಕ ಕೊಡುವುದು, ವಾಪಸ್ ತೆಗೆದುಕೊಳ್ಳುವುದು, ಧೂಳು ಹೊಡೆಯುವುದು, ಅದನ್ನೆಲ್ಲ ಟ್ರೇನಿಂಗಿನಲ್ಲಿ ಹೇಳಿಕೊಟ್ಟಿರುತ್ತಾರೆ. ನಾನು ಹಲಗೆಯ ವಿಷಯ ಹೇಳುತ್ತೇನೆ. ನಾಗಮಂಗಲದಿಂದಾಚೆಗೆ ಕೆ.ಆರ್. ಪೇಟೆ, ಶ್ರೀರಂಗಪಟ್ಟಣ, ಕೊನೆಗೆ ಪಾಂಡವಪುರ, ವರ್ಗವಾದ ಕಡೆಯಲ್ಲೆಲ್ಲ ನಾನು ಮೊದಲು ಮಾಡಿದ ಕೆಲಸ ಬಾಗಿಲ ಪಕ್ಕ ಒಂದು ಹಲಗೆ ತೂಗುಹಾಕಿದ್ದು. ಈ ನಾಲ್ಕು ತಾಲ್ಲೂಕಿನಲ್ಲಿ ಹೆಸರು ಅಚ್ಚಾದವರು ಎಷ್ಟೋ ಜನ ನನ್ನ ಹಲಗೆಯ ಮುಂದೆ ನಿಂತು ಹೋದವರು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಜಂಬವೇ ಇದೆ. ಅದರಲ್ಲೂ ಚಿನಕುರಳಿಯ ಪುಟ್ಟಲಕ್ಷ್ಮಿಯ ವಿಷಯದಲ್ಲಿ ನನಗಿರುವ ಜಂಬಕ್ಕೆ ಅಳತೆಯಿಲ್ಲ. ಅವಳು ಬರೆದ ಮೊದಲನೇ ಕತೆಗೆ ಅವಳನ್ನೇ ಕಳ್ಳಿ ಎಂದರು. ಅವಳ ವಿಷಯಕ್ಕೆ ಬರುವ ಮುಂಚೆ ಹಲಗೆ ಪಟ್ಟ ಪಾಡು ಸ್ವಲ್ಪ ಹೇಳಿಬಿಡುತ್ತೇನೆ.

ಕೆ.ಆರ್. ಪೇಟೆಯಲ್ಲಿ ಕೊಬ್ಬರಿ ವ್ಯಾಪಾರದ ರಾಮೇಗೌಡರು ಎಂಬುವರಿದ್ದರು. ಬಿಳೀ ಪಂಚೆ, ದಪ್ಪ ಮೀಸೆ, ಕೂಗಿದರೆ ಬೀದಿ ಕೊನೆಗೆ ಕೇಳುವ ಗಂಟಲು. ಅವರು ಬರೆಯುತ್ತಿದ್ದದ್ದು ಪ್ರೇಮಕವನ. ಮನೆಯಲ್ಲಿ ತಿಳಿದರೆ ಮಾನ ಹೋಗುತ್ತದೆ ಎಂದು ಗ್ರಂಥಾಲಯದ ವಿಳಾಸವನ್ನೇ ತಮ್ಮ ವಿಳಾಸ ಎಂದು ಕೊಟ್ಟಿದ್ದರು. ಆಗೆಲ್ಲ ಬರಹದ ಜೊತೆಗೆ ನಮ್ಮ ವಿಳಾಸ ಬರೆದು ಸ್ಟಾಂಪು ಅಂಟಿಸಿದ ಲಕೋಟೆಯನ್ನೂ ಇಟ್ಟು ಕಳಿಸಬೇಕಿತ್ತು. ಒಪ್ಪಿಗೆಯಾಗದಿದ್ದರೆ ಅದರಲ್ಲೇ ವಾಪಸ್ ಬರುತ್ತಿತ್ತು. ಗೌಡರ ಲಕೋಟೆಗಳು ಸಾಲಾಗಿ ನನ್ನ ಮೇಜಿಗೆ ವಾಪಸ್ ಬರತೊಡಗಿದವು. ನೋಡಿ ನೋಡಿ ಒಂದು ದಿನ ಕೇಳಿದೆ: "ಯಾವ ಪತ್ರಿಕೆಗೆ ಕಳಿಸ್ತಿದ್ದೀರಿ ಗೌಡ್ರೇ?"

ಅವರು ಹೇಳಿದ ಹೆಸರು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅದು ತೆಂಗಿನ ನುಸಿರೋಗ, ಹಿಪ್ಪುನೇರಳೆ, ಎರೆಗೊಬ್ಬರದ ಬಗ್ಗೆ ಬರೆಯುವ ಕೃಷಿ ಮಾಸಿಕ. ಮನೆಗೆ ತರಿಸುತ್ತಿದ್ದದ್ದು ಅದೊಂದೇ ಆದ್ದರಿಂದ ಗೌಡರು ಎಲ್ಲ ಕವನವನ್ನೂ ಅದಕ್ಕೇ ಕಳಿಸಿದ್ದಾರೆ!

"ನಗ್ಬೇಡಿ ಮೇಡಮ್ಮೋರೆ. ಪತ್ರಿಕೆ ಅಂದ್ಮೇಲೆ ಎಲ್ಲಾ ಆಕ್ಬೇಕಪ್ಪ. ಎಣ್ಣು, ಮಣ್ಣು ಎಲ್ಡೂ ಒಂದೇಯ," ಎಂದರು ಗೌಡರು ಗಂಭೀರವಾಗಿ.

ಅಂದೇ ಹಲಗೆಯ ಕೆಳಗೆ ಒಂದು ಸಾಲು ಸೇರಿಸಿದೆ: ‘ಕಳಿಸುವ ಮುಂಚೆ ಆ ಪತ್ರಿಕೆಯ ಹಿಂದಿನ ಕೆಲವು ಸಂಚಿಕೆ ಓದಿರಿ. ಒಳಗೆ ಮೇಜಿನ ಮೇಲಿವೆ.’ ಇದಕ್ಕಿಂತ ದೊಡ್ಡ ಬುದ್ಧಿಮಾತು ಹೊಸಬರಿಗೆ ಇಲ್ಲ, ಇವತ್ತಿಗೂ ಇಲ್ಲ. ಗೌಡರು ಓದಿದರು. ಓದಿ, ಕೃಷಿ ಮಾಸಿಕಕ್ಕೆ ಕೊಬ್ಬರಿ ಒಣಗಿಸುವ ಬಗ್ಗೆ ಲೇಖನ ಬರೆದರು, ಅಚ್ಚಾಯಿತು. ಒಂದು ಪ್ರೇಮಕವನ ಭಾನುವಾರದ ಪುರವಣಿಯಲ್ಲಿ ಬಂತು. ಅವತ್ತು ಗ್ರಂಥಾಲಯಕ್ಕೆ ಎಳನೀರಿನ ಗೊನೆಯೇ ಬಂತು. ಮನೆಯಲ್ಲಿ ಏನಾಯಿತೆಂದು ಕೇಳಿದೆ. "ನಮ್ಮೋಳು ಓದ್ಬುಟ್ಟು, ಯಾವಳ ಮೇಲೆ ಬರ್ದೆ ಯೋಳು ಅಂತ ಕುಂತವ್ಳೆ. ನಿನ್ ಮೇಲೇಯ ಅಂದ್ರೆ ನಂಬಕ್ಕಿಲ್ಲ," ಎಂದರು.

ಮೇಲಧಿಕಾರಿಗಳ ವಿಷಯವನ್ನೂ ಹೇಳಬೇಕು, ಹೊಸಬರಿಗೆ ಉಪಯೋಗಕ್ಕೆ ಬರುತ್ತದೆ. ಕೆ.ಆರ್. ಪೇಟೆಗೇ ಒಬ್ಬರು ಇನ್‌ಸ್ಪೆಕ್ಷನ್ನಿಗೆ ಬಂದರು. ಹೆಸರು ಬೇಡ. ಒಳಗೆ ಕಾಲಿಡುವ ಮುಂಚೆಯೇ ಹಲಗೆ ನೋಡಿ ಸಿಡಿಮಿಡಿಗೊಂಡರು. "ಏನಮ್ಮಾ ಇದು? ಇದೇನು ಗ್ರಂಥಾಲಯವೋ, ಪೋಸ್ಟಾಫೀಸೋ? ಇಲಾಖೆಯ ಗೋಡೆ ಮೇಲೆ ಖಾಸಗಿ ಪತ್ರಿಕೆಯವರ ಜಾಹೀರಾತು ಬರೆಯೋಕೆ ಯಾರು ಹೇಳಿದ್ರು? ಅಳಿಸಿ!" ನಾನು ಒದ್ದೆ ಬಟ್ಟೆ ತಂದು ಅವರೆದುರಿಗೇ ಒರೆಸಿದೆ. ಅವರು ಕಪಾಟು ನೋಡಿದರು, ಕಾಫಿ ಕುಡಿದರು, ಜೀಪು ಹತ್ತಲು ಹೊರಟವರು ಬಾಗಿಲ ಹತ್ತಿರ ನಿಂತರು. ಡ್ರೈವರ್ ದೂರದಲ್ಲಿದ್ದಾನೆಂದು ನೋಡಿಕೊಂಡು ಗಂಟಲು ಸರಿಮಾಡಿಕೊಂಡರು.

"ಅಲ್ಲಿ ಎರಡನೇ ಸಾಲಲ್ಲಿ ಒಂದು ಮಾಸಪತ್ರಿಕೆ ಬರೆದಿದ್ರಲ್ಲ... ಅವರು ಹನಿಗವನ ತಗೋತಾರಾ?"

"ತಗೋತಾರೆ ಸರ್. ವಿಳಾಸ ಈಗ ತಾನೇ ಒರೆಸಿಬಿಟ್ಟೆನಲ್ಲ," ಎಂದೆ.

ಅವರ ಮುಖ ಕೆಂಪಗಾಯಿತು. ಆಮೇಲೆ ನಾನೇ ಚೀಟಿಯಲ್ಲಿ ಬರೆದುಕೊಟ್ಟೆ, ಎಷ್ಟಾದರೂ ಅವರೂ ಹೊಸ ಬರಹಗಾರರೇ ತಾನೆ. ಹಲಗೆ ಆ ಸಂಜೆಯೇ ಮತ್ತೆ ತುಂಬಿತು, ಅಲ್ಲಿಂದಾಚೆಗೆ ಯಾರೂ ಅಳಿಸು ಎನ್ನಲಿಲ್ಲ.

ಶ್ರೀರಂಗಪಟ್ಟಣಕ್ಕೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಹಾಳೆಯ ಒಂದೇ ಮಗ್ಗುಲು ಬರೆಯಿರಿ, ಅಂಚು ಬಿಡಿ ಎಂದು ಹೇಳುತ್ತಿದ್ದ ನಾನು ಈಗ ಹಲಗೆಯ ಮೇಲೆ ಇ-ಮೇಲ್ ವಿಳಾಸ ಬರೆಯಬೇಕಾಯಿತು. ಕರಿಘಟ್ಟದ ಕೆಳಗಿನ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕಷ್ಟಪಟ್ಟು ಕತೆ ಟೈಪು ಮಾಡಿಸಿ ಕಳಿಸಿದಳು. ಪತ್ರಿಕೆಯವರು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಅಕ್ಷರದ ಫಾಂಟೇ ಬೇರೆ, ಅವರ ಕಂಪ್ಯೂಟರೇ ಬೇರೆ. ಅವಳು ತಿಂಗಳುಗಟ್ಟಲೆ ಕಾದು, ‘ನನ್ನ ಕತೆ ಅಷ್ಟು ಕೆಟ್ಟದಾಗಿತ್ತೇನೋ’ ಎಂದುಕೊಂಡು ಕೂತಿದ್ದಳು. ಯೂನಿಕೋಡಿನಲ್ಲಿ ಟೈಪು ಮಾಡಬೇಕೆಂಬುದನ್ನು ನಾನೂ ಆಗಲೇ ಕಲಿತದ್ದು, ಅವಳ ಜೊತೆ ಕೂತು. ಇನ್ನೊಬ್ಬರು, ಕಾಲೇಜಿನ ಮೇಷ್ಟ್ರು, ಇ-ಮೇಲ್ ಬಂದ ಖುಷಿಗೆ ಒಂದೇ ಕವನವನ್ನು ಕಂಡಕಂಡ ಪತ್ರಿಕೆಗೆಲ್ಲ ಒಟ್ಟಿಗೆ ಕಳಿಸಿಬಿಟ್ಟರು. ಒಂದೇ ಭಾನುವಾರ ಎರಡು ಪತ್ರಿಕೆಯಲ್ಲಿ ಬಂತು. ಮೇಷ್ಟ್ರು ಎರಡನ್ನೂ ಹಿಡಿದುಕೊಂಡು ಊರೆಲ್ಲ ತೋರಿಸಿದರು. ಆ ಎರಡೂ ಪತ್ರಿಕೆಯವರು ಅವರ ಕಡೆ ಮತ್ತೆ ತಿರುಗಿ ನೋಡಲಿಲ್ಲ. ‘ಒಂದು ಸಲಕ್ಕೆ ಒಂದೇ ಕಡೆ ಕಳಿಸಿ, ಉತ್ತರ ಬರುವವರೆಗೆ ಕಾಯಿರಿ’ ಎಂಬ ಸಾಲು ಹಲಗೆಗೆ ಸೇರಿದ್ದು ಹಾಗೆ. ಅದರ ಕೆಳಗೇ ‘ಎಲ್ಲಿಯೂ ಪ್ರಕಟವಾಗಿರಬಾರದು’ ಎಂದೂ ಬರೆದೆ.

ಈಗ ಪುಟ್ಟಲಕ್ಷ್ಮಿ.

ಪಾಂಡವಪುರಕ್ಕೆ ನಾನು ಬಂದದ್ದು ಕೊನೆಯ ಕೆಲವು ವರ್ಷಗಳಿಗೆ. ಚಿನಕುರಳಿ ಕಡೆಯಿಂದ ಸ್ಕೂಟಿಯಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಮೂವತ್ತೈದರ ಆಸುಪಾಸು, ಪಿಯುಸಿ ಓದಿದವಳು, ಊರಿನ ಹಾಲಿನ ಡೇರಿಯ ಸೆಕ್ರೆಟರಿ. ಬೆಳಿಗ್ಗೆ ಹಾಲು ಹಾಕಿಸಿಕೊಂಡು, ಕ್ಯಾನುಗಳನ್ನು ವ್ಯಾನಿಗೆ ಏರಿಸಿ ಬಂದರೆ ಸಂಜೆಯ ಹಾಲಿನ ತನಕ ಬಿಡುವು. ಒಳಗೆ ಬಂದು ಓದುತ್ತಿರಲಿಲ್ಲ. ಹಲಗೆಯ ಮುಂದೆ ನಿಲ್ಲುವುದು, ಚಪ್ಪಲಿ ಹಾಕಿಕೊಳ್ಳುವುದು, ಬಿಚ್ಚುವುದು, ಮತ್ತೆ ಹಾಕಿಕೊಳ್ಳುವುದು. ನನಗೆ ಗೊತ್ತಾಗದೆ ಇರುತ್ತದೆಯೇ? "ಒಳಗೆ ಬಾರವ್ವ. ಬರ್ದಿರೋದ ತಂದಿದ್ದೀಯಾ ತಾನೆ?" ಎಂದೆ. ಅವಳ ಮುಖ ನೋಡಬೇಕಿತ್ತು.

ಅಲ್ಲೇ ಕೂತು ಓದಿದೆ. ಕತೆಯಲ್ಲಿ ದೊಡ್ಡಮ್ಮ ಎಂಬ ಒಂಟಿ ಮುದುಕಿ. ಅವಳ ಎಮ್ಮೆ ಸತ್ತುಹೋಗಿದೆ. ಆದರೂ ದಿನಾ ಬೆಳಿಗ್ಗೆ ಖಾಲಿ ತಂಬಿಗೆ ಹಿಡಿದು ಡೇರಿಯ ಸಾಲಿನಲ್ಲಿ ಬಂದು ನಿಲ್ಲುತ್ತಾಳೆ, ಏಕೆಂದರೆ ಊರಿನವರು ಅವಳ ಜೊತೆ ಮಾತಾಡುವುದು ಆ ಸಾಲಿನಲ್ಲಿ ಮಾತ್ರ. ಅವಳ ಸರದಿ ಬಂದಾಗ ಡೇರಿಯವಳು ಖಾಲಿ ತಂಬಿಗೆ ಇಸಿದುಕೊಂಡು, ಬಗ್ಗಿ ನೋಡಿ, "ಇವತ್ತು ಆಲು ಚೆಂದಾಗೈತೆ ದೊಡ್ಡವ್ವ" ಎಂದು ವಾಪಸ್ ಕೊಡುತ್ತಾಳೆ. ಅಷ್ಟೇ ಕತೆ. ಓದಿ ಮುಗಿಸಿದಾಗ ನನ್ನ ಕಣ್ಣು ತುಂಬಿತ್ತು.

"ಇದನ್ನ ಬಚ್ಚಿಟ್ಕೊಂಡು ಕೂತಿದ್ದೀಯಲ್ಲ, ಬುದ್ಧಿಗಿದ್ದಿ ಐತಾ ನಿಂಗೆ?" ಎಂದು ಬೈದೆ. ಮೈಸೂರಿನಿಂದ ಬರುವ ಒಂದು ವಾರಪತ್ರಿಕೆಗೆ ಕಳಿಸುವಂತೆ ಹೇಳಿದೆ. ಆ ಸಂಪಾದಕರು ಪುಟ್ಟ ಕತೆಗಳಿಗೆ ಜಾಗ ಕೊಡುತ್ತಿದ್ದರು, ಹೊಸಬರ ಹೆಸರು ಕಂಡು ಮೂಗು ಮುರಿಯುತ್ತಿರಲಿಲ್ಲ. ಅವಳು ಕತೆಯನ್ನೆಲ್ಲ ಮೊಬೈಲಿನಲ್ಲಿ ಟೈಪು ಮಾಡಿ ಕಳಿಸಿದಳು. ಪ್ರಿಂಟಿನಲ್ಲಿ ತನ್ನ ಹೆಸರು ಬಂದರೆ ಸಾಕು, ಇನ್ನೇನೂ ಬೇಡ ಎಂದಳು.

ಒಂದೆರಡು ವಾರವಾಗಿರಬೇಕು. ಕೆ.ಆರ್. ಪೇಟೆಯಲ್ಲಿರುವ ನನ್ನ ನಾದಿನಿ ನನ್ನ ಮೊಬೈಲಿಗೆ ಒಂದು ಮೆಸೇಜು ಕಳಿಸಿದಳು. ಮೇಲೆ ‘ಕಣ್ಣೀರು ತರಿಸುವ ನೈಜ ಘಟನೆ’ ಎಂದಿತ್ತು. ಓದುತ್ತ ಹೋದೆ. ಅದೇ ದೊಡ್ಡಮ್ಮ, ಅದೇ ಖಾಲಿ ತಂಬಿಗೆ. ಊರಿನ ಹೆಸರು ಮಾಯ. ಪುಟ್ಟಲಕ್ಷ್ಮಿಯ ಹೆಸರಂತೂ ಎಲ್ಲೂ ಇಲ್ಲ. ಕೊನೆಯಲ್ಲಿ ಯಾರೋ ನೀತಿಪಾಠ ಬೇರೆ ಸೇರಿಸಿ, ‘ತಾಯಿಯನ್ನು ಪ್ರೀತಿಸುವವರು ಹತ್ತು ಜನಕ್ಕೆ ಕಳಿಸಿ’ ಎಂದು ಕೈಮುಗಿಯುವ ಚಿತ್ರ ಹಾಕಿದ್ದರು.

ಫೋನ್ ಮಾಡಿ ಕರೆಸಿದೆ. "ಏನೇ ಮಾಡಿದೆ ಇದನ್ನ?"

"ಡೇರಿ ಗ್ರೂಪಿಗೆ ಆಕ್ದೆ ಮೇಡಮ್ಮೋರೆ," ಎಂದಳು. ದನದ ಫೀಡು ಬಂದಿದೆ, ನಾಳೆ ಡಾಕ್ಟರು ಬರುತ್ತಾರೆ ಎಂದೆಲ್ಲ ಅವಳು ದಿನಾ ಬರೆಯುತ್ತಿದ್ದ ವಾಟ್ಸಾಪ್ ಗ್ರೂಪು ಅದು.

"ಎಲ್ಲೂ ಪ್ರಕಟವಾಗಿರಬಾರದು ಅಂತ ಹಲಗೆ ಮೇಲೆ ಬರೆದಿಲ್ವಾ ನಾನು?"

"ಪ್ರಕಟ ಅಂದ್ರೆ ಪೇಪರ್ನಾಗೆ ಅನ್ಕೊಂಡೆ. ಅಲ್ಲಾ ಮೇಡಮ್ಮೋರೆ, ಎಮ್ಮೆ ಕರ ಆಕುದ್ರೆ ಗಿಣ್ಣ ಅಕ್ಕಪಕ್ಕದ ಮನೇರ್ಗೆ ಕೊಟ್ಟೇ ಅಲ್ವಾ ಡೇರಿಗೆ ಆಲು ಆಕಾದು? ನಮ್ಮೋರ ಕತೆ, ಮೊದ್ಲು ನಮ್ಮೋರ್ಗೆ ಕೊಡದೆ ಮೈಸೂರ್ಗೆ ಎಂಗೆ ಕಳಿಸ್ಲಿ?"

ಕರು ಹಾಕಿದ ಮನೆಯ ಗಿಣ್ಣು ಮೊದಲು ನೆರೆಮನೆಗೆ ಹೋಗದಿದ್ದರೆ ಕೆಚ್ಚಲಿಗೆ ಕೇಡು ಎಂದು ನಂಬುವ ಜನ ನಾವು. ನಾನೂ ಅಂಥ ಮನೆಯವಳೇ. ಗ್ರೂಪಿನಲ್ಲಿ ಹಾಕುವಾಗ ಹೆಸರು ಯಾಕೆ ಹಾಕಲಿಲ್ಲ ಎಂದರೆ, "ನಾನೇ ಆಕಾಗ ಮೇಲ್ಗಡೆ ನನ್ನ ಎಸ್ರು ಇರ್ತದಲ್ವಾ" ಎಂದಳು. ಅಲ್ಲಿಂದ ಯಾರೋ ಕಾಪಿ ಮಾಡಿ ಬೇರೆ ಗ್ರೂಪಿಗೆ ಹಾಕಿದರೆ ಹೆಸರು ಹಿಂದೆಯೇ ಉಳಿದುಹೋಗುತ್ತದೆಂದು ಅವಳಿಗೆ ಹೊಳೆದಿರಲಿಲ್ಲ.

ಪತ್ರಿಕೆಯಿಂದ ಉತ್ತರ ಬಂತು. ‘ನೀವು ಕಳಿಸಿದ ಬರಹ ಈಗಾಗಲೇ ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಬೇರೆಯವರ ಬರಹವನ್ನು ತಮ್ಮ ಹೆಸರಿನಲ್ಲಿ ಕಳಿಸುವುದು ಕೃತಿಚೌರ್ಯ. ಇನ್ನು ಮುಂದೆ ಹೀಗೆ ಮಾಡಬೇಡಿ.’ ಅವಳು ಸಿಟ್ಟಿನಲ್ಲಿ ಅದರ ಫೋಟೋ ತೆಗೆದು ಡೇರಿ ಗ್ರೂಪಿಗೇ ಹಾಕಿ, ‘ನನ್ನ ಹೆಸರು ತೆಗೆದವರು ಯಾರು?’ ಎಂದು ಕೇಳಿದಳು. ಊರಿನವರು ಓದಿದ್ದು ಚೌರ್ಯ ಎಂಬ ಒಂದು ಮಾತನ್ನು. ಅವಳೂ ಎಲ್ಲಿಂದಲೋ ಬಂದದ್ದನ್ನು ಗ್ರೂಪಿಗೆ ದಾಟಿಸಿದವಳೇ ಎಂದುಕೊಂಡರು. ಡೇರಿ ಎಲೆಕ್ಷನ್ನಿನಲ್ಲಿ ಸೋತು ಕುದಿಯುತ್ತಿದ್ದ ಒಬ್ಬನಿಗೆ ಅಷ್ಟೇ ಸಾಕಾಯಿತು. "ಕತೆ ಕದ್ದೋಳು ಆಲು ಕದಿಯಕ್ಕಿಲ್ವೇನ್ಲಾ?" ಎಂದು ಸಾಲಿನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದನಂತೆ.

ಡೇರಿ ಗೊತ್ತಿಲ್ಲದವರಿಗೆ ಇದರ ಏಟು ತಿಳಿಯುವುದಿಲ್ಲ. ಹಾಲು ಅಳೆದು, ಮೆಷಿನ್ನಿನಲ್ಲಿ ಫ್ಯಾಟು ನೋಡಿ ಬರೆಯುವವಳ ಮೇಲೆ ನಂಬಿಕೆ ಇದ್ದರೆ ಮಾತ್ರ ಆ ಕೆಲಸ. ಅವತ್ತಿನಿಂದ ಜನ ಮೆಷಿನ್ನಿನ ಮೇಲೆ ಬಗ್ಗಿ ಬಗ್ಗಿ ನೋಡತೊಡಗಿದರು. ಅವಳು ಅತ್ತೆ ಎಂದು ಕರೆಯುತ್ತಿದ್ದ ಹೆಂಗಸರೇ, "ಇನ್ನೊಂದ್ ಕಿತ ಇಟ್ಟು ನೋಡು" ಎನ್ನತೊಡಗಿದರು.

ಪುಟ್ಟಲಕ್ಷ್ಮಿ ಗ್ರಂಥಾಲಯಕ್ಕೆ ಬಂದು ಕೂತಳು. ಅಳಲಿಲ್ಲ. "ಬರಿಯಾದ ಬುಟ್ಬುಟ್ಟೆ ಮೇಡಮ್ಮೋರೆ. ಇಂಗೇ ಆದ್ರೆ ಕೆಲ್ಸನೂ ಬುಡ್ಬೇಕಾಯ್ತದೆ. ನಮ್ಮೆಜಮಾನ್ರು ಏನೂ ಅನ್ನಲ್ಲ, ಆದ್ರೆ ಊಟಕ್ಕೆ ಕುಂತ್ರೆ ತಲೆ ಎತ್ತಕ್ಕಿಲ್ಲ," ಎಂದಳು.

ಹಲಗೆಯ ಮೇಲೆ ನಾನೇ ಬರೆದಿದ್ದ ನಂಬರು ನೋಡಿಕೊಂಡು ಅವಳೆದುರಿಗೇ ಸಂಪಾದಕರಿಗೆ ಫೋನ್ ಮಾಡಿದೆ. ಸ್ಪೀಕರಿಗೆ ಹಾಕಿದೆ. ಈ ಕತೆ ಅವಳದೇ, ಬೇರೆ ಕಡೆ ಓಡಾಡುವ ಮುಂಚೆ ನಾನು ಓದಿದ್ದೇನೆ ಎಂದೆ. ಅವರು ತಾಳ್ಮೆಯ ಮನುಷ್ಯ, ಪೂರ್ತಿ ಕೇಳಿಸಿಕೊಂಡರು.

"ಮೇಡಂ, ನಿಮ್ಮ ಮಾತು ಸುಳ್ಳು ಅಂತ ನಾನು ಹೇಳೋದಿಲ್ಲ. ಆದರೆ ಇದೇ ಕತೆ ತಮ್ಮದು ಅಂತ ಇನ್ನಿಬ್ಬರು ಕಳಿಸಿದ್ದಾರೆ. ಅವರ ಪರವಾಗಿಯೂ ಯಾರೋ ಫೋನ್ ಮಾಡಿದ್ರು. ತಾವೇ ಬರೆದದ್ದು ಅಂತ ತೋರಿಸೋಕೆ ಮೊಬೈಲಿನ ಫೋಟೋನೂ ಕಳಿಸಿದ್ದಾರೆ. ಯಾರನ್ನ ನಂಬಲಿ ಹೇಳಿ."

ಅಷ್ಟರಲ್ಲಿ ಪುಟ್ಟಲಕ್ಷ್ಮಿ ಮೇಜಿನ ಮೇಲೆ ಬಗ್ಗಿ ಫೋನಿಗೆ ಬಾಯಿ ಕೊಟ್ಟಳು.

"ಸಾ, ಆ ಇಬ್ರುಗೂ ಫೋನ್ ಮಾಡಿ ಒಂದ್ ಮಾತು ಕೇಳಿ. ಆಮ್ಯಾಕೆ ಏನಾಯ್ತು ಅಂತ ಕೇಳಿ."

"ಆಮೇಲೆ ಅಂದರೆ? ಕತೆ ಅಲ್ಲಿಗೆ ಮುಗೀತಲ್ಲಮ್ಮ."

"ನಿಮ್ಗೆ ಮುಗೀತು ಸಾ. ನಂಗೆ ಮುಗ್ದಿಲ್ಲ. ಬೆಳಿಗ್ಗೆ ಎದ್ರೆ ಅವ್ಳು ಸಾಲ್ನಲ್ಲಿ ನಿಂತಿರ್ತಾಳೆ. ಯೋಳ್ಲಾ?"

"ಹೇಳಿ."

ಅವಳು ಹೇಳತೊಡಗಿದಳು. ಓದುವ ಮೇಜಿನಲ್ಲಿದ್ದವರು ಪೇಪರು ಮಡಿಚಿದರು. ಒಂದು ದಿನ ದೊಡ್ಡಮ್ಮನ ತಂಬಿಗೆ ಖಾಲಿಯಿಲ್ಲ, ಹಾಲಿದೆ. ಹೆಮ್ಮೆಯಿಂದ ಮುಂದಕ್ಕೆ ಚಾಚುತ್ತಾಳೆ. ಡೇರಿಯವಳು ಪರೀಕ್ಷೆಗೆ ಇಡುತ್ತಾಳೆ. ದಿನಾ ನೋಡುವವಳಿಗೆ ಗೊತ್ತಾಗುತ್ತದೆ, ಇದು ಪಕ್ಕದ ಮನೆಯ ಹಸುವಿನ ಹಾಲು. ಮುದುಕಿ ಪಕ್ಕದ ಮನೆಯಲ್ಲಿ ಹಾಲು ಕೊಂಡು ಡೇರಿಗೆ ತಂದಿದ್ದಾಳೆ. ಖಾಲಿ ತಂಬಿಗೆಗೆ ಚೆಂದಾಗೈತೆ ಎನ್ನಿಸಿಕೊಳ್ಳುವುದು ಅವಳಿಗೆ ಸಾಕಾಗಿದೆ, ನಿಜವಾಗಿ ಹಾಕಿ ಅನ್ನಿಸಿಕೊಳ್ಳಬೇಕು. ಡೇರಿಯ ರೂಲ್ಸಿನ ಪ್ರಕಾರ ತನ್ನ ಮನೆಯ ದನದ ಹಾಲನ್ನು ಮಾತ್ರ ಹಾಕಬೇಕು. ಹಿಂದೆ ಸಾಲಿನಲ್ಲಿ ಪಕ್ಕದ ಮನೆಯವಳೇ ನಿಂತಿದ್ದಾಳೆ, ನೋಡುತ್ತಿದ್ದಾಳೆ. ಡೇರಿಯವಳು ತಲೆ ಎತ್ತುತ್ತಾಳೆ. ಪಕ್ಕದ ಮನೆಯವಳು ಮುಖ ಆ ಕಡೆ ತಿರುಗಿಸಿಕೊಂಡು, ಜೋರಾಗಿ, "ದೊಡ್ಡವ್ವನ ಎಮ್ಮೆ ಆಲ್ಗೆ ನಮ್ ಅಸೀನ್ ಆಲು ಎಲ್ಲಿ ಸಮ ಬಂದದು ಬುಡು" ಎನ್ನುತ್ತಾಳೆ.

ಪುಟ್ಟಲಕ್ಷ್ಮಿ ನಿಲ್ಲಿಸಿದಳು. ಫೋನು ಕಟ್ಟಾಯಿತೇನೋ ಎಂದು ನಾನು ಬಗ್ಗಿ ನೋಡಿದೆ.

"ಬರೆದು ಕಳಿಸಿ," ಎಂದರು ಸಂಪಾದಕರು. ಅವರ ದನಿ ಬದಲಾಗಿತ್ತು. "ಮೊದಲಿನದನ್ನ ಇನ್ನು ಹಾಕೋಕಾಗಲ್ಲ, ಎಲ್ಲರೂ ಓದಿಬಿಟ್ಟಿದ್ದಾರೆ. ಇದನ್ನ ಬರೀರಿ. ಮೊದಲಿನದೂ ನಿಮ್ಮದೇ ಅಂತ ನಾನೇ ಬರೀತೀನಿ. ನಿಮಗೆ ಹಾಗೆ ಕಾಗದ ಕಳಿಸಬಾರದಾಗಿತ್ತಮ್ಮ. ಆದರೆ ದಯವಿಟ್ಟು ಯಾವ ಗ್ರೂಪಿಗೂ ಹಾಕಬೇಡಿ."

"ಈ ಕಿತ ಗಿಣ್ಣು ನಿಮ್ಗೇಯ ಸಾ," ಎಂದಳು ಅವಳು. ಅವರಿಗೆ ಅರ್ಥವಾಯಿತೋ ಇಲ್ಲವೋ, ಇಡೀ ಗ್ರಂಥಾಲಯ ನಕ್ಕಿತು. ‘ಮೌನವಾಗಿರಿ’ ಎಂದು ಹೇಳಬೇಕಾದ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ.

ಕತೆ ಅಚ್ಚಾಗುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಪತ್ರಿಕೆ ನೋಡಲು ಪಾಂಡವಪುರದ ಗ್ರಂಥಾಲಯಕ್ಕೆ ಸಾಮಾನ್ಯ ಓದುಗಿಯಾಗಿ ಹೋದೆ. ನನ್ನ ಜಾಗಕ್ಕೆ ಬಂದವರು ಹಲಗೆಯನ್ನು ಚೊಕ್ಕವಾಗಿ ಒರೆಸಿ, ಬಣ್ಣದ ಸೀಮೆಸುಣ್ಣದಲ್ಲಿ ‘ಚಪ್ಪಲಿಗಳನ್ನು ಸಾಲಾಗಿ ಬಿಡಿ’ ಎಂದು ಬರೆಸಿದ್ದರು. ಆಡುವ ಹಾಗಿಲ್ಲ, ಈಗ ಅದು ನನ್ನ ಗೋಡೆಯಲ್ಲ. ಒಳಗೆ ಹೋಗಿ ಪತ್ರಿಕೆ ತೆಗೆದೆ. ‘ಪಕ್ಕದ ಮನೆಯ ಹಾಲು’ ಎಂಬ ಶೀರ್ಷಿಕೆ, ಕೆಳಗೆ ದಪ್ಪ ಅಕ್ಷರದಲ್ಲಿ ‘ಪುಟ್ಟಲಕ್ಷ್ಮಿ, ಚಿನಕುರಳಿ’. ಪುಟದ ಅಡಿಯಲ್ಲಿ ಸಂಪಾದಕರು ಬರೆದಿದ್ದರು: ‘ಹೆಸರಿಲ್ಲದೆ ಮೊಬೈಲುಗಳಲ್ಲಿ ಓಡಾಡಿದ ಖಾಲಿ ತಂಬಿಗೆಯ ಕತೆಯನ್ನು ಬರೆದವರೂ ಇವರೇ.’ ಆ ಪುಟ ಹರಿದುಕೊಳ್ಳಬೇಕೆಂದು ಕೈ ತುರಿಸಿತು, ನಿಜ ಹೇಳುತ್ತೇನೆ. ಹೊರಗೆ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಂಡೆ.

ಬಸ್ಸು ಹತ್ತಿ ಸೀದಾ ಚಿನಕುರಳಿಗೆ ಹೋದೆ. ಸಂಜೆಯ ಹಾಲಿನ ಹೊತ್ತು. ಡೇರಿಯ ಮುಂದೆ ಕ್ಯಾನು, ತಂಬಿಗೆ ಹಿಡಿದವರ ಸಾಲು. ಯಾರೂ ಮೆಷಿನ್ನಿನ ಮೇಲೆ ಬಗ್ಗುತ್ತಿರಲಿಲ್ಲ. ಕಳ್ಳಿ ಎಂದವನೂ ಸಾಲಿನಲ್ಲಿದ್ದ, ಬೇರೆ ಎಲ್ಲೋ ನೋಡುತ್ತಿದ್ದ. ಪುಟ್ಟಲಕ್ಷ್ಮಿ ನನ್ನನ್ನು ಕಂಡು ಕೈಯಲ್ಲಿದ್ದ ಲೋಟ ಬಿಟ್ಟು ಓಡಿಬಂದಳು.

"ಮೇಡಮ್ಮೋರೆ, ಬನ್ನಿ ಇಲ್ಲಿ," ಎಂದು ಗೋಡೆಯ ಹತ್ತಿರ ಎಳೆದುಕೊಂಡು ಹೋದಳು.

ಡೇರಿಯ ಕರಿಹಲಗೆ. ಒಂದು ಕಡೆ ಅವತ್ತಿನ ಹಾಲಿನ ಲೆಕ್ಕ, ಫೀಡು ಬಂದ ಸುದ್ದಿ. ಇನ್ನೊಂದು ಕಡೆ, ಗೆರೆ ಎಳೆದು, ನನ್ನ ಹಲಗೆಯಲ್ಲಿದ್ದ ಹಾಗೆಯೇ: ‘ಎಲ್ಲಿಗೆ ಕಳಿಸಬೇಕು?’ ಕೆಳಗೆ ಪತ್ರಿಕೆಗಳ ಹೆಸರು, ವಿಳಾಸ. ಎಲ್ಲಕ್ಕಿಂತ ಕೆಳಗೆ ಅವಳೇ ಸೇರಿಸಿದ ಸಾಲು: ‘ಮೊದಲು ಪತ್ರಿಕೆಗೆ. ಗ್ರೂಪಿಗೆ ಆಮೇಲೆ.’ ಒಬ್ಬ ಗಂಡಸು ಕ್ಯಾನು ಕೆಳಗಿಟ್ಟು ಒಂದು ವಿಳಾಸವನ್ನು ಅಂಗೈ ಮೇಲೆ ಬರೆದುಕೊಳ್ಳುತ್ತಿದ್ದ. ಸಾಲಿನಲ್ಲಿ ಯಾರೂ ನಗಲಿಲ್ಲ. ನನಗೆ ಹಾಳೆ ಹರಿದ ಬೆಳ್ಳೂರು ಕ್ರಾಸಿನವನ ನೆನಪಾಯಿತು.

ಸಾಲಿನ ಕೊನೆಯಲ್ಲಿ ನಿಂಗಮ್ಮ ಎಂಬ ಮುದುಕಿ ತಂಬಿಗೆ ಹಿಡಿದು ನಿಂತಿದ್ದಳು. ಕತೆಯಲ್ಲಿರುವವಳು ತಾನೇ ಎಂದು ಊರೆಲ್ಲ ಹೇಳಿಕೊಂಡು ಬಂದವಳಂತೆ. ಪುಟ್ಟಲಕ್ಷ್ಮಿ, "ನೀನಲ್ಲ ಕಣಜ್ಜಿ, ಎಲ್ರೂ ಸೇರ್ಕೊಂಡವ್ರೆ ಅದ್ರಾಗೆ," ಎಂದರೂ ಕೇಳುತ್ತಿರಲಿಲ್ಲ. ನಿಂಗಮ್ಮ ನನ್ನ ಕೈಯಲ್ಲಿದ್ದ ಪತ್ರಿಕೆ ಇಸಿದುಕೊಂಡು, ಅಚ್ಚಾದ ಹೆಸರಿನ ಮೇಲೆ ಬೆರಳಾಡಿಸಿದಳು.

"ಲೇ ಪುಟ್ಟಿ, ಇದಕ್ಕಿಂತ ಚೆಂದಾಗಿರೋದು ನಂತಾವ್ಲೇ ಐತೆ," ಎಂದಳು. "ನಾನ್ ಯೋಳ್ತೀನಿ, ನೀನ್ ಬರ್ಕೊ. ಆದ್ರೆ ಇಲ್ಲಿ ನನ್ನೆಸ್ರೇ ಇರ್ಬೇಕು ಕಣವ್ವಾ."

ಪುಟ್ಟಲಕ್ಷ್ಮಿ ಅವಳ ತಂಬಿಗೆ ಇಸಿದುಕೊಂಡು ಹಾಲು ಸುರಿದುಕೊಂಡಳು. "ನಿನ್ನೆಸ್ರೇ ಆಕನ ಬುಡಜ್ಜಿ. ಶುರು ಮಾಡು," ಎಂದಳು.